ಸೋಸದ ಕೃಷ್ಣೆಗೆ ನಾಲ್ಕು ನಕ್ಷತ್ರ

ಏಕಸಂಬಿಯ ಶ್ರೀಪಾಲ ಚೌಗುಲೆ ಬಸ್ ಕಂಡಕ್ಟರನಾಗಿ ನಿಪ್ಪಾಣಿಗೂ ಅಥಣಿಗೂ ನಡುವೆ ಎಷ್ಟು ಓಡಾಡಿದ್ದನೆಂದರೆ, ಆ ದೂರವನ್ನೆಲ್ಲ ನೆಟ್ಟಗೆ ಮೇಲಕ್ಕೆ ಹಿಡಿದಿದ್ದರೆ ಚಂದ್ರನ ಮೇಲೆ ಇಳಿದು, ಅಲ್ಲಿ ಚಹಾಕ್ಕೆ ಹತ್ತು ನಿಮಿಷ ನಿಲ್ಲಿಸಿ, ಸಂಜೆಯ ಟ್ರಿಪ್ಪಿಗೆ ವಾಪಸು ಬರಬಹುದಿತ್ತು. ಅವನು ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ‘ರೈಟ್’ ಎಂದು ಕೂಗಿದರೆ ಮಿರಜ ಸ್ಟ್ಯಾಂಡಿನಲ್ಲಿ ನಿಂತ ಬಸ್ಸುಗಳು ಹೊರಟುಬಿಡುತ್ತಿದ್ದವು ಎಂದು ಹೇಳುವವರಿದ್ದಾರೆ. ಅದು ಸುಳ್ಳು. ಮಿರಜದ ಬಸ್ಸುಗಳು ಬರೇ ಎಂಜಿನ್ ಚಾಲೂ ಮಾಡುತ್ತಿದ್ದವು.

ಇಷ್ಟು ತಿರುಗಿದ ಮನುಷ್ಯ ಹೊರಗೆ ಒಂದು ತುತ್ತೂ ತಿಂದವನಲ್ಲ. ಜೈನ ಮನೆತನ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ, ಹೀಗೆ ನೆಲದೊಳಗಿನ ಗಡ್ಡೆ ಯಾವುದೂ ಸಲ್ಲದು. ನೀರು ಬಟ್ಟೆಯಲ್ಲಿ ಸೋಸಿರಬೇಕು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಬೀಗ. ಇಷ್ಟನ್ನೂ ಪಾಲಿಸಿ ಹೋಟೆಲಿನಲ್ಲಿ ಕೂತು ಚಹಾ ಕುಡಿಯುವ ಜೈನರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಶ್ರೀಪಾಲ ಅದನ್ನೂ ಕುಡಿಯುತ್ತಿರಲಿಲ್ಲ. ಆ ಕೊನೆಯ ನೇಮವನ್ನು ಅವನಿಗೆ ಕೊಟ್ಟವರು ಯಾವ ಮುನಿಗಳೂ ಅಲ್ಲ, ಹೆಂಡತಿ ರಾಜಮತಿ. ಮುನಿಗಳು ಕೊಟ್ಟ ನೇಮ ತಪ್ಪಿದರೆ ಪ್ರಾಯಶ್ಚಿತ್ತವಾದರೂ ಇರುತ್ತದೆ.

ರಾಜಮತಿ ಕಟ್ಟಿಕೊಡುತ್ತಿದ್ದ ಡಬ್ಬಿ ಎಂದರೆ ಸಣ್ಣ ಗೋಪುರ. ತಳದಲ್ಲಿ ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ, ಅದರ ಮೇಲೆ ಹೆಸರುಕಾಳಿನ ಉಸಳಿ, ತುದಿಯಲ್ಲಿ ಶೇಂಗಾ ಹಿಂಡಿ. ವಾರಕ್ಕೊಮ್ಮೆ ಝುಣಕದ ವಡಿ: ಕಡಲೆಹಿಟ್ಟನ್ನು ಕುದಿಸಿ, ತಾಟಿಗೆ ಬಡಿದು, ಕೊಬ್ಬರಿ ಉದುರಿಸಿ ಚೌಕಾಗಿ ಕೊಯ್ದದ್ದು. ಸಂಜೆಯ ಟ್ರಿಪ್ಪು ಅಥಣಿ ಬಿಟ್ಟಾಗ ಸೂರ್ಯ ಇಳಿಯತೊಡಗಿರುತ್ತಿದ್ದ. ಆಗ ಶ್ರೀಪಾಲ ಟಿಕೆಟ್ ಹರಿಯುವುದನ್ನು ಮುಗಿಸಿ, ಕಂಬಕ್ಕೆ ಒರಗಿ ನಿಂತೇ ಡಬ್ಬಿ ಬಿಚ್ಚುತ್ತಿದ್ದ. ಡ್ರೈವರ ಹಾಲಸಿದ್ದ ಪಾಲಬಾವಿಯವನು, ಗೆಳೆಯನ ಹೊಟ್ಟೆಯ ಮೇಲೆ ಕರುಣೆ ಉಳ್ಳವನು. ಬಸ್ಸನ್ನು ಪಡುವಣ ದಿಕ್ಕಿಗೆ ಅವನು ಹೊಡೆಯುತ್ತಿದ್ದ ರಭಸಕ್ಕೆ ಸೂರ್ಯ ಮುಳುಗಲಾರದೆ ಕಾಗವಾಡದ ತನಕ ಕಬ್ಬಿನ ಗದ್ದೆಯ ಮೇಲೆ ತೂಗಾಡುತ್ತಿದ್ದ. ಅಷ್ಟರಲ್ಲಿ ಶ್ರೀಪಾಲನ ಊಟ ಆಗುತ್ತಿತ್ತು.

ಮನೆಗೆ ಬಂದು ತೊಳೆದ ಡಬ್ಬಿಯನ್ನು ಗೂಟಕ್ಕೆ ತೂಗುಹಾಕುತ್ತಿದ್ದ. ಊಟ ಹೇಗಿತ್ತು ಎಂದು ಅವನು ಹೇಳಿದ್ದನ್ನು ಯಾರೂ ಕೇಳಿಲ್ಲ. ಖಾಲಿ ಡಬ್ಬಿಗಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ ಎಂಬುದು ಅವನ ತಿಳುವಳಿಕೆ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಅವನ ಕಾಟ ಸುರುವಾಯಿತು. ಬೀಗರು ಬಂದರೆ ಬಾಗಿಲಲ್ಲಿ ನಿಂತು, “ಎಲ್ಲಿಗ್ರಿ? ಒಳಗ ಸರೀರಿ, ಬಾಗಲದಾಗ ನಿಂದ್ರಬ್ಯಾಡ್ರಿ” ಎನ್ನುತ್ತಿದ್ದ. ಕೊಟ್ಟಿಗೆಯ ಎಮ್ಮೆಗಳನ್ನು ಹಿಂದೆ ಮುಂದೆ ಸರಿಸಿ ಇನ್ನೊಂದಕ್ಕೆ ಜಾಗ ಮಾಡುತ್ತಿದ್ದ, ಇನ್ನೊಂದು ಎಮ್ಮೆ ಇಲ್ಲದಿದ್ದರೂ. ಎರಡು ಸಾವಿರದ ಹದಿನಾರರಲ್ಲಿ ಪುಕ್ಕಟೆ ಇಂಟರ್ನೆಟ್ಟಿನ ಸಿಮ್ಮು ಊರೂರಿಗೆ ಹರಿದುಬಂದಾಗ, ಇಚಲಕರಂಜಿಗೆ ಕೊಟ್ಟ ಮಗಳು ಮೇಘಾ ಅಪ್ಪನಿಗೊಂದು, ಅವ್ವನಿಗೊಂದು ದೊಡ್ಡ ಫೋನು ತಂದುಕೊಟ್ಟಳು.

“ಅಪ್ಪಾ, ಇದು ಮ್ಯಾಪು. ಯಾವ ಊರಾಗ ಏನ ಐತಿ ಎಲ್ಲಾ ತೋರಸ್ತೈತಿ. ನಿಮಗ ಗೊತ್ತಿರೂ ಜಾಗಾ ಹೆಂಗೈತಿ ಅಂತ ನೀವು ಬರೀರಿ. ಐದರಾಗ ಎಷ್ಟ ನಕ್ಷತ್ರ ಅಂತ ಕೊಡ್ರಿ. ಪರಊರಿನ ಮಂದಿ ಅದನ್ನ ಓದಿ ಬರ್ತಾರ.”

“ನಾ ಬರದದ್ದ ಮಂದಿ ಓದ್ತಾರಂತೀ?”

“ಓದ್ತಾರ್ರಿ. ಅಲ್ಲೀತನಕ ನೀವು ಅವ್ವನ ಎಮ್ಮಿ ಸನೇಕ ಹೋಗಬ್ಯಾಡ್ರಿ.”

ಶ್ರೀಪಾಲ ಕಟ್ಟೆಯ ಮೇಲೆ ಕೂತು ಜಗತ್ತಿಗೆ ದಾರಿ ತೋರಿಸಲು ತೊಡಗಿದ. ಒಂದು ಮಳೆಗಾಲ ಮುಗಿಯುವುದರೊಳಗೆ ಐದು ತಾಲೂಕಿನಲ್ಲಿ ಅವನ ನಕ್ಷತ್ರ ಬೀಳದ ಜಾಗ ಉಳಿಯಲಿಲ್ಲ. ಆಕಾಶದಲ್ಲಿ ಚುಕ್ಕಿಗಳು ಕಡಿಮೆಯಾದದ್ದು ಆ ವರ್ಷವೇ ಎಂದು ನಮ್ಮ ಕಡೆ ನಂಬಿಕೆ ಇದೆ.

ಅವನು ಬರೆದದ್ದೆಲ್ಲ ಇಂದಿಗೂ ನೋಡಲು ಸಿಗುತ್ತದೆ. ಅಥಣಿಯ ಒಂದು ಚಪ್ಪಲಿ ಅಂಗಡಿಗೆ: “ಇಲ್ಲಿ ಕೊಂಡ ಚಪ್ಪಲಿ ದೂರದಿಂದಲೇ ಕರ್ರ್ ಕರ್ರ್ ಎನ್ನುತ್ತದೆ. ಟಿಕೆಟ್ ತೆಗೆಯದವರು ಬಸ್ಸಿನಲ್ಲಿ ಅಡಗಿ ಕೂರಲು ಆಗುವುದಿಲ್ಲ. ಐದು.” ರಾಯಬಾಗದ ರೈಲು ನಿಲ್ದಾಣಕ್ಕೆ: “ಇಲ್ಲಿ ರೈಲು ಬರುತ್ತದೆ. ಆದರೆ ಬಸ್ಸೂ ಇದೆ. ಮೂರು.” ಕೃಷ್ಣಾ ನದಿಗೆ: “ನೀರು ಸಾಕಷ್ಟಿದೆ. ಸೋಸಿಲ್ಲ. ನಾಲ್ಕು.”

ಹೋಟೆಲು, ಖಾನಾವಳಿಗಳ ಮಾತು ಬಂದಾಗ ನಮ್ಮೂರಲ್ಲಿ ಕೆಲವರಿಗೆ ಸಂಶಯ ಹುಟ್ಟಿತು. ತಿನ್ನದವನು ರುಚಿ ಹೇಗೆ ಹೇಳುತ್ತಾನೆ? ಶ್ರೀಪಾಲನಿಗೆ ಅದರಲ್ಲಿ ಸಂಶಯಪಡುವಂಥದ್ದೇನೂ ಕಾಣಲಿಲ್ಲ. ಬಸ್ಸು ನಿಂತ ಕಡೆ ತಿಂದು ಬಂದವರನ್ನು ನೌಕರಿಯ ಉದ್ದಕ್ಕೂ ನೋಡಿದವನು ಅವನು. ತಿಂದವರು ಬಸ್ಸು ಹೊರಟ ಮೇಲೆ ನಿದ್ದೆ ಹೋದರೆ ಊಟ ಚೆನ್ನ. ಪಕ್ಕದವರ ಜೊತೆ ಹೊಲದ ವ್ಯಾಜ್ಯ ಮಾತಾಡಿದರೆ ಸಾಧಾರಣ. ಕಿಟಕಿಯ ಸೀಟು ಕೇಳಿದರೆ ಕೆಟ್ಟದ್ದು. “ಕಂಡಕ್ಟರ್ರ, ಬಸ್ ನಿಲ್ಲಸ್ರೀ” ಎಂದು ಬಾಯಿಗೆ ಕೈ ಹಿಡಿದರೆ ಆ ಹೋಟೆಲಿನ ಕಥೆ ಮುಗಿಯಿತು. ನಿಪ್ಪಾಣಿಯ ಒಂದು ಹೋಟೆಲಿಗೆ ಅವನು ಬರೆದದ್ದು ಹೀಗೆ: “ಇಲ್ಲಿ ತಿಂದವರು ಚಿಕ್ಕೋಡಿ ಬರುವುದರೊಳಗೆ ಗೊರಕೆ ಹೊಡೆಯುತ್ತಾರೆ. ಟಿಕೆಟ್ ಕೊಡಲು ಅಲುಗಾಡಿಸಿ ಎಬ್ಬಿಸಬೇಕು. ಐದು ನಕ್ಷತ್ರ.”

ಪರಊರಿನವರಿಗೆ ಈ ಬರವಣಿಗೆಯ ಹುಚ್ಚು ಹಿಡಿಯಿತು. ಸಾಂಗಲಿ, ಪುಣೆ ಕಡೆಯಿಂದ ಮದುವೆಗೆ ಬಂದವರು ಶ್ರೀಪಾಲನ ನಕ್ಷತ್ರ ನೋಡಿಯೇ ಕಾರು ನಿಲ್ಲಿಸತೊಡಗಿದರು. ಅವನು ಬರೆದದ್ದನ್ನು ಲಕ್ಷ ಜನ ಓದಿದ್ದಾರೆ ಎಂದು ಮ್ಯಾಪಿನವರು ಫೋನಿಗೆ ಸುದ್ದಿ ಕಳಿಸಿದ ದಿನ ಅವನು ಇಸ್ತ್ರಿಯ ಅಂಗಿ ಹಾಕಿಕೊಂಡು ಸಂಜೆಯ ತನಕ ಕಟ್ಟೆಯ ಮೇಲೆ ಕೂತಿದ್ದ. ಯಾರಾದರೂ ಬಂದಾರು ಎಂದು.

ಬಂದವನು ಬಾಳಾಸಾಬ.

ಬಾಳಾಸಾಬ ಮೊದಲು ಮದುವೆಗಳಲ್ಲಿ ಅಡಿಗೆ ಮಾಡುತ್ತಿದ್ದವನು. ಊರೂರು ಅಲೆದು, ಮಂದಿಯ ಹಂದರದಲ್ಲಿ ಹೊಗೆ ಕುಡಿದು ಸಾಕಾಗಿ, ಹೆಂಡತಿ ಸಾರಿಕಾಳ ಜೊತೆ ಉಗಾರ ಬುದ್ರುಕದ ಆಚೆ ಒಂದು ಕ್ರಾಸಿನಲ್ಲಿ ತಗಡಿನ ಶೆಡ್ಡು ಹೊಡೆದು ಹೋಟೆಲ್ ಇಟ್ಟಿದ್ದ. ಭಜಿ, ಮಿಸಳ, ಝುಣಕ, ಭಾಕರಿ. ಬಸ್ಸುಗಳು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿದ್ದವು, ಹೋಟೆಲು ತುಂಬಿರುತ್ತಿತ್ತು. ಆ ಹೋಟೆಲಿಗೆ ಶ್ರೀಪಾಲ ಬರೆದಿದ್ದ: “ಇಲ್ಲಿ ತಿಂದವರು ಮುಂದಿನ ಮೈಲುಗಲ್ಲು ಬರುವ ಮೊದಲೇ ಕಿಟಕಿ ಕೇಳುತ್ತಾರೆ. ಕಿಟಕಿ ಸಿಗದಿದ್ದರೆ ಕಂಡಕ್ಟರನ ಚೀಲ ಹಿಡಿಯುತ್ತಾರೆ. ಎರಡು ನಕ್ಷತ್ರ. ಅದೂ ಶೆಡ್ಡಿನ ನೆರಳಿಗೆ.”

ಮೊದಲು ಕಾರುಗಳು ನಿಲ್ಲುವುದು ಬಿಟ್ಟವು. ಆಮೇಲೆ ಬಸ್ಸಿನವರು ಇಳಿಯುವುದು ಬಿಟ್ಟರು. ಕೊನೆಗೆ ಊರಿನವರಿಗೂ ಸುದ್ದಿ ಮುಟ್ಟಿತು. ಹೋಟೆಲ್ ತೆರೆದ ದಿನದಿಂದ ದಿನಾ ಮುಂಜಾನೆ ಅಲ್ಲಿ ಭಜಿ ತಿನ್ನುತ್ತಿದ್ದ ಭೀಮಗೊಂಡ ಎಂಬ ಮುದುಕ ಒಂದು ದಿನ ಶೆಡ್ಡಿನ ಮುಂದೆಯೇ ನಿಂತು, ಮೊಮ್ಮಗನ ಫೋನು ತೆಗೆದು, ಅದೇ ಶೆಡ್ಡನ್ನು ಮ್ಯಾಪಿನಲ್ಲಿ ಹುಡುಕಿ ನೋಡಿದ.

“ಕಾಕಾ, ಭಜಿ ಹಾಕಲೇನ್ರಿ?” ಎಂದಳು ಸಾರಿಕಾ.

“ಬ್ಯಾಡವಾ. ಎರಡ ಐತಿ.”

“ಎರಡ ಪ್ಲೇಟೇನ್ರಿ?”

“ಎರಡ ನಕ್ಷತ್ರ.”

“ನಿನ್ನೀ ತಿಂದ್ರೆಲ್ಲರೀ! ಚಲೋ ಐತಿ ಅಂತ ಮತ್ತ ಹಾಕಿಸ್ಕೊಂಡ್ರಿ!”

“ನಿನ್ನಿ ನನಗ ಗೊತ್ತಿರಲಿಲ್ಲವಾ” ಎಂದು ಮುದುಕ ಹಸಿದ ಹೊಟ್ಟೆಯಲ್ಲಿ ಮನೆಗೆ ಹೋದ.

ಕಡೆಗೆ ನೊಣಗಳೂ ರಸ್ತೆ ದಾಟಿ ಎದುರಿನ ಅಂಗಡಿಗೆ ಹೋದವು. ಅದಕ್ಕೆ ಮೂರೂವರೆ ಇತ್ತು.

ಬಾಳಾಸಾಬ ಬಂದಾಗ ಕಟ್ಟೆಯ ಮೇಲೆ ಹಾಲಸಿದ್ದನೂ ಇದ್ದ. ಅವನಿಗೂ ನಿವೃತ್ತಿಯಾಗಿತ್ತು, ಗೆಳೆಯನ ಕಟ್ಟೆಯ ಮೇಲೆ ತಂಬಾಕು ತಿಕ್ಕುವುದೇ ಅವನ ಈಗಿನ ನೌಕರಿ.

“ಅಣ್ಣಾರ, ಆ ಎರಡ ನಕ್ಷತ್ರ ತಗೀರಿ,” ಎಂದ ಬಾಳಾಸಾಬ ಕಟ್ಟೆಯ ಕೆಳಗೇ ನಿಂತು. “ಹಿಂಗ ಆದ್ರ ದೀಪಾವಳಿಗೆ ಬೀಗ ಹಾಕ್ತೀನ್ರಿ. ಮತ್ತ ಮಂದಿ ಮದುವ್ಯಾಗ ಸೌಟ ತಿರವಾಕ ಹೋಗಬೇಕ್ರಿ, ಈ ವಯಸ್ಸಿನಾಗ.”

“ಬಾಳಾಸಾಬ, ನಿನ್ನ ಮ್ಯಾಲ ನಂದೇನ ಸಿಟ್ಟಿಲ್ಲೋ. ಆದ್ರ ಲಕ್ಷ ಮಂದಿ ನನ್ನ ಮ್ಯಾಲ ವಿಶ್ವಾಸ ಇಟ್ಟಾರ. ಕೈ ಕಟ್ಟಿಹಾಕಿದಂಗ ಆಗೇತಿ.”

“ತಪ್ಪ ಏನೈತಿ ಅದನ್ನರ ಹೇಳ್ರಿ. ಉಪ್ಪ ಹೆಚ್ಚಾಗಿತ್ತೇನ್ರಿ? ಎಣ್ಣಿ ವಾಸನಿ ಬಂತೇನ್ರಿ? ಅವತ್ತ ನೀವು ತಿಂದದ್ದ ಏನ್ರಿ?”

ಒಳಗಿನಿಂದ ರಾಜಮತಿ ಚಹಾದ ಕಪ್ಪು ಹಿಡಿದು ಬಂದಳು. “ತಿಂದದ್ದ? ಇವ್ರ? ಮದುವ್ಯಾದಾಗಿಂದ ನನ್ನ ಕೈಯಾಗಿಂದ ಬಿಟ್ಟ ಇವ್ರು ಬ್ಯಾರೆ ತುತ್ತ ತಿಂದಿಲ್ಲ ತಮ್ಮಾ. ತಗೋ, ಚಹಾ ಕುಡಿ.”

ಬಾಳಾಸಾಬ ಕಪ್ಪು ಹಿಡಿದುಕೊಂಡೇ ನಿಂತ. “ತಿನ್ನದನ ಬರದೀರೇನ್ರಿ?”

“ತಿಂದವ್ರನ್ನ ನೋಡೇನಲ್ಲೋ,” ಎಂದ ಶ್ರೀಪಾಲ, ಸ್ವಲ್ಪವೂ ಅಳುಕದೆ. “ನಿನ್ನ ಹೋಟೆಲಿಂದ ಹತ್ತಿದವ್ರು ಎಷ್ಟ ಮಂದಿ ನನ್ನ ಬಸ್ಸಿನಾಗ ವಾಂತಿ ಮಾಡ್ಯಾರ ಗೊತ್ತೈತೇನು? ಚೀಲಾ ತೊಳದ ತೊಳದ ಅದರ ಬಣ್ಣ ಹೋತು.”

“ಅಬಬಬ!” ಎಂದು ಹಾಲಸಿದ್ದ ತಂಬಾಕನ್ನು ಅಂಗೈಯಲ್ಲೇ ನಿಲ್ಲಿಸಿದ. “ಲೇ ಶ್ರೀಪಾಲ, ಆ ಕ್ರಾಸ್ ದಾಟಿದ ಮ್ಯಾಲ ಸ್ಟೇರಿಂಗ ಹಿಡದಾಂವ ನಾ. ಅಲ್ಲಿ ರೋಡ ಎಲ್ಲೈತೋ? ಕಬ್ಬಿನ ಟ್ರ್ಯಾಕ್ಟರ ಅಡ್ಡಾಡಿ ಅಡ್ಡಾಡಿ ರೋಡನ್ನ ತಿಂದ ಹಾಕ್ಯಾವು. ನಾ ಬರೇ ಅಂದಾಜಲೆ ಹೊಡೀತಿದ್ದೆ. ಅಲ್ಲಿ ದೇವರ ಪ್ರಸಾದ ತಿಂದ ಹತ್ತಿದ್ರೂ ಹೊರಗ ಬರತೈತಿ.”

“ಸುಳ್ಳ ಹೇಳಬ್ಯಾಡ. ಅದ ಬಸ್ಸಿನಾಗ ನಾನೂ ಇದ್ನಿ. ನನಗೇನೂ ಆಗಲಿಲ್ಲ.”

“ನೀ ಯಾವಾಗ ಕುಂತಿದ್ದಿ ಬಸ್ಸಿನಾಗ? ನೌಕರಿ ಮುಗಿಯೂ ತನಕಾ ಕಂಬಾ ಹಿಡಕೊಂಡ ನಿಂತಾಂವ ನೀ. ನಿಂತಾಂವಗ ತೆಗ್ಗ ಮೊಳಕಾಲಿಗೆ ತಿಳೀತೈತಿ, ಕುಂತಾಂವಗ ಹೊಟ್ಟಿಗೆ ತಿಳೀತೈತಿ. ಒಮ್ಮೆ ಹಿಂದಿನ ಸೀಟಿನ್ಯಾಗ ಕುಂದ್ರು, ಆಮ್ಯಾಲ ಮಾತಾಡು.”

ಬಾಳಾಸಾಬನ ಮುಖದಲ್ಲಿ ಜೀವ ಬಂತು. “ನಾಳೆ ಬರ್ರಿ ಅಣ್ಣಾರ. ನನ್ನ ಹೋಟೆಲಿಂದ ಒಂದ ಹನಿ ನೀರೂ ಕುಡೀಬ್ಯಾಡ್ರಿ. ಮನ್ಯಾಗಿಂದ ತಿಂದ ಬರ್ರಿ, ಕ್ರಾಸಿನ್ಯಾಗ ಬಸ್ ಹತ್ರಿ, ಕಾಗವಾಡದಾಗ ಇಳೀರಿ. ನಿಮಗೇನೂ ಆಗಲಿಲ್ಲಂದ್ರ ನಾಳೇನ ಬೀಗ ಹಾಕ್ತೀನಿ.”

ಮರುದಿನ ಶ್ರೀಪಾಲ ರಾಜಮತಿ ಮಾಡಿದ ಒಗ್ಗರಣೆ ಅವಲಕ್ಕಿ ತಿಂದು, ಇಸ್ತ್ರಿಯ ಅಂಗಿ ಹಾಕಿಕೊಂಡು ಹೊರಟ. ಕ್ರಾಸಿನಲ್ಲಿ ಮೂವರೂ ಬಸ್ ಹತ್ತಿದರು. ಹಿಂದಿನ ಉದ್ದ ಸೀಟಿನ ನಡುವೆ ಶ್ರೀಪಾಲನನ್ನು ಕೂರಿಸಿದರು. ಕೂತು ಅಭ್ಯಾಸವಿಲ್ಲದ ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊಸ ಕಂಡಕ್ಟರ ಭಾಗ್ಯಾ ಟಿಕೆಟ್ ಕೊಟ್ಟು ರೈಟ್ ಹೇಳಿದಳು.

ಆ ರಸ್ತೆಯನ್ನು ವರ್ಣಿಸುವುದು ಕಷ್ಟ, ಏಕೆಂದರೆ ವರ್ಣಿಸಲು ರಸ್ತೆ ಬೇಕು. ಒಂದು ತೆಗ್ಗಿನೊಳಗೆ ಹೋದ ವರ್ಷ ಇಳಿದ ಕಬ್ಬಿನ ಟ್ರ್ಯಾಕ್ಟರು ಇನ್ನೂ ಹೊರಬರಲು ದಾರಿ ಕೇಳುತ್ತಿತ್ತಂತೆ. ಬಸ್ಸು ಮೊದಲನೆಯ ತೆಗ್ಗಿಗೆ ಇಳಿದಾಗ ಶ್ರೀಪಾಲ ಸೀಟಿನಿಂದ ಎದ್ದ. ಎರಡನೆಯದರಲ್ಲಿ ಇಳಿದ. ಮೂರನೆಯದಕ್ಕೆ ಅವನು ಸೀಟಿನಲ್ಲಿಯೇ ಉಳಿದ, ಹೊಟ್ಟೆ ಮಾತ್ರ ಮೇಲಕ್ಕೆ ಹೋಯಿತು. ಎಡಕ್ಕೆ ಹಾಲಸಿದ್ದನ ಮೇಲೆ ಬಿದ್ದ, ಬಲಕ್ಕೆ ಬಾಳಾಸಾಬನ ಮೇಲೆ ಬಿದ್ದ, ಬೀಳಲು ಇನ್ನಾರೂ ಇಲ್ಲದೆ ಮುಂದಕ್ಕೆ ಬಿದ್ದ. ಮೈಲುಗಲ್ಲು ಕಣ್ಣಿಗೆ ಕಾಣುವ ಮೊದಲೇ ಅವನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

“ಕಂಡಕ್ಟರ್ರ,” ಎಂದ ಶ್ರೀಪಾಲ ಬಾಯಿಗೆ ಕೈ ಹಿಡಿದು, “ಬಸ್ ನಿಲ್ಲಸ್ರೀ.”

ಮಿರಜಕ್ಕೆ ಕೇಳಿಸುತ್ತಿದ್ದ ಆ ದನಿ ಆ ದಿನ ಮುಂದಿನ ಸೀಟಿಗೂ ಕೇಳಿಸಲಿಲ್ಲ. ಭಾಗ್ಯಾ ಬಂದು, “ಕಿಟಕಿ ಬೇಕೇನ್ರಿ ಕಾಕಾ?” ಎಂದು ಕೇಳುವುದರೊಳಗೆ ಅವನು ಅವಳ ಚೀಲ ಹಿಡಿದಿದ್ದ.

ರಸ್ತೆಯ ಬದಿಯ ಕಬ್ಬಿನ ಹೊಲದಲ್ಲಿ ಕೂರಿಸಿ, ಬಾಳಾಸಾಬ ಅವನ ಬೆನ್ನು ತಿಕ್ಕಿದ. ಹಾಲಸಿದ್ದ ಎದುರಿಗೆ ಕೂತು ನ್ಯಾಯಾಧೀಶನಂತೆ ಕೇಳಿದ:

“ಮುಂಜಾನೆ ಏನ ತಿಂದಿದ್ದಿ?”

“ಅವಲಕ್ಕಿ.”

“ಯಾರ ಮಾಡಿದ್ರ?”

ಶ್ರೀಪಾಲ ಕಬ್ಬಿನ ಗರಿಯಿಂದ ಬಾಯಿ ಒರೆಸಿಕೊಂಡ.

“ಫೋನ ತಗಿ. ನಾ ಹೇಳ್ತೀನಿ, ಬರಿ. ರಾಜಮತಿ ವೈನಿ ಕೈಯಾಗಿನ ಅವಲಕ್ಕಿ. ತಿಂದಾಂವ ಮೈಲುಗಲ್ಲಿನ ತನಕಾನೂ ಹೋಗಲಿಲ್ಲ. ಎರಡ ನಕ್ಷತ್ರ.”

“ಲೇ ಹಾಲಸಿದ್ದ, ನಿನ್ನ ಕಾಲ ಹಿಡೀತೀನಿ,” ಎಂದ ಶ್ರೀಪಾಲ, ಇಷ್ಟು ಹೊತ್ತಿಗೆ ನಿಜವಾಗಿ ಬೆವತು. “ರೋಡ. ರೋಡಿನ ತಪ್ಪ. ಬಾಯಿ ಮುಚ್ಚು.”

ಹಾಗೆ ತಿಳಿದುಬಂತು: ನಿಪ್ಪಾಣಿಯ ಹೋಟೆಲಿನ ಮುಂದೆ ರಸ್ತೆ ನುಣ್ಣಗಿತ್ತು, ತಿಂದವರು ಮಲಗಿದರು. ಕ್ರಾಸಿನ ಹೋಟೆಲಿನ ಮುಂದೆ ರಸ್ತೆ ಇರಲಿಲ್ಲ, ತಿಂದವರು ಎದ್ದರು. ಶ್ರೀಪಾಲ ಊಟಕ್ಕೆ ಕೊಟ್ಟೆನೆಂದುಕೊಂಡ ನಕ್ಷತ್ರಗಳೆಲ್ಲ ಡಾಂಬರಿಗೆ ಬಿದ್ದಿದ್ದವು. ನಮ್ಮ ಐದು ತಾಲೂಕಿನ ರಸ್ತೆಗಳನ್ನು ಇಷ್ಟು ಸರಿಯಾಗಿ ಯಾರೂ ಪರೀಕ್ಷೆ ಮಾಡಿರಲಿಲ್ಲ. ಲಕ್ಷ ಜನ ಓದಿದರು, ರಸ್ತೆ ಮಾಡುವವರು ಮಾತ್ರ ಓದಲಿಲ್ಲ.

ಶ್ರೀಪಾಲ ಅಲ್ಲಿಯೇ ಫೋನು ತೆಗೆದ. “ಈಗಿಂದೀಗ ಐದ ಮಾಡ್ತೀನಿ ಬಾಳಾಸಾಬ.”

ಬಾಳಾಸಾಬ ಅವನ ಕೈ ಹಿಡಿದ. “ಬ್ಯಾಡ್ರಿ ಅಣ್ಣಾರ. ತಿನ್ನದ ಎರಡ ಕೊಟ್ಟಿದ್ರಿ, ತಿನ್ನದ ಐದ ಕೊಟ್ರ ಅದೂ ಅಷ್ಟ. ಭಿಕ್ಷಾ ಆಗತೈತಿ. ಬಂದ ತಿನ್ರಿ. ನಿಮ್ಮ ಮನಸ್ಸಿಗೆ ಬಂದದ್ದ ಬರೀರಿ. ಎರಡ ಅನಿಸಿದ್ರ ಎರಡ ಇರ್ಲಿ.”

ಇದು ಮೊದಲನೆಯದಕ್ಕಿಂತ ದೊಡ್ಡ ಗಂಡಾಂತರ. ಶ್ರೀಪಾಲ ಮನೆಗೆ ಹೋಗಿ ರಾಜಮತಿಯ ಮುಂದೆ ಎಲ್ಲವನ್ನೂ ಹೇಳಿದ, ಅವಲಕ್ಕಿಯ ವಿಷಯ ಬಿಟ್ಟು. ಅವಳು ಮೊರದಲ್ಲಿಯ ಬೇಳೆಯಿಂದ ಒಂದು ಹರಳು ಆರಿಸಿ ಎಸೆದಳು.

“ಹೋಗ್ರಿ,” ಎಂದಳು. “ಮಂದಿ ಒಲಿ ಆರಿಸಿ ಬಂದೀರಿ, ಹಚ್ಚಿ ಬರ್ರಿ. ಒಂದ ತುತ್ತ ತಿನ್ರಿ. ರುಚಿ ನೋಡಾಕ ಒಂದ ತುತ್ತ ಸಾಕ.”

ಬಾಳಾಸಾಬ, ಸಾರಿಕಾ ಇಬ್ಬರೂ ಹೊಸ ಪಾತ್ರೆ ತಂದರು. ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನು ಹೋಟೆಲಿನಿಂದಷ್ಟೇ ಅಲ್ಲ, ಕ್ರಾಸಿನಿಂದಲೇ ಗಡೀಪಾರು ಮಾಡಿದರು. ಸಾರಿಕಾ ನೀರನ್ನು ಎಷ್ಟು ಸಲ ಸೋಸಿದಳೆಂದರೆ ಕೊನೆಗೆ ಅದು ನೀರೋ ಗಾಳಿಯೋ ತಿಳಿಯದಂತಾಯಿತು. ಮರುದಿನ ಸಂಜೆಗೆ ಅರ್ಧ ಉಗಾರ ಅಲ್ಲಿ ನೆರೆದಿತ್ತು. ಭೀಮಗೊಂಡ ಎಲ್ಲರಿಗಿಂತ ಮುಂದೆ ನಿಂತಿದ್ದ. ಭಜಿ ಇಲ್ಲದೆ ಅವನು ಅರ್ಧ ಇಳಿದುಹೋಗಿದ್ದ.

ಶ್ರೀಪಾಲ ಬಂದಾಗ ಸೂರ್ಯ ಕಬ್ಬಿನ ತುದಿಗೆ ತಾಗಿದ್ದ. ಶೆಡ್ಡಿನ ಕಂಬವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕೂತ. ಸಾರಿಕಾ ತಾಟು ಇಟ್ಟಳು: ಬಿಸಿ ಭಾಕರಿ, ಝುಣಕದ ವಡಿ. ಅವನು ಒಂದು ತುತ್ತು ಮುರಿದು ಬಾಯಲ್ಲಿಟ್ಟು ಕಣ್ಣು ಮುಚ್ಚಿದ.

ಕಣ್ಣು ತೆರೆಯಲಿಲ್ಲ.

“ಅಣ್ಣಾರ?” ಎಂದ ಬಾಳಾಸಾಬ. “ಏನಾತ್ರಿ?”

“ಲೇ, ಹೊತ್ತ ಮುಳಗತೈತಿ! ಎಷ್ಟಂತ ಹೇಳಿಬಿಡು!” ಎಂದು ಹಾಲಸಿದ್ದ ಕೂಗಿದ.

ಶ್ರೀಪಾಲ ಕಣ್ಣು ಮುಚ್ಚಿಕೊಂಡೇ ತಾಟನ್ನು ಮುಂದಕ್ಕೆ ಸರಿಸಿದ. “ಇನ್ನೊಂದೆರಡ ವಡಿ ಹಾಕವಾ ಸಾರಿಕಾ.”

ಆ ಸಂಜೆ ಸೂರ್ಯ ತಡವಾಗಿ ಮುಳುಗಿದ. ಬಸ್ಸು ಓಡಿಸುವವರಿಲ್ಲದೆ ತಾನಾಗಿಯೇ ನಿಂತು ನೋಡಿದ ಎಂದು ಕಂಡವರು ಹೇಳುತ್ತಾರೆ. ತಾಟು ಮೂರು ಸಲ ತುಂಬಿತು, ಮೂರು ಸಲ ಬರಿದಾಯಿತು. ಕಡೆಯ ವಡಿ ಗಂಟಲಿಗೆ ಇಳಿದ ಮೇಲೆ ಸೂರ್ಯ ನಿಟ್ಟುಸಿರು ಬಿಟ್ಟು ಕೆಳಗೆ ಹೋದ. ಶ್ರೀಪಾಲ ಕೈ ತೊಳೆದು, ಎಲ್ಲರೂ ನೋಡುತ್ತಿದ್ದಂತೆ ಫೋನಿನಲ್ಲಿ ಬರೆದು, ತಾನೇ ಗಟ್ಟಿಯಾಗಿ ಓದಿ ಹೇಳಿದ:

“ಈ ಮೊದಲು ನಾನು ಬರೆದದ್ದು ರಸ್ತೆಯ ವಿಷಯ. ಇದು ಊಟದ ವಿಷಯ. ಝುಣಕದ ವಡಿ ಎಂದರೆ ಹೇಗಿರಬೇಕು ಎಂದು ಈ ವಯಸ್ಸಿನಲ್ಲಿ ಇವತ್ತು ತಿಳಿಯಿತು. ಐದು ನಕ್ಷತ್ರ. ಆರು ಒತ್ತಿ ನೋಡಿದೆ, ಆಗಲಿಲ್ಲ.”

ಉಗಾರದವರು ಚಪ್ಪಾಳೆ ತಟ್ಟಿದರು. ಬಾಳಾಸಾಬ ಒಳಗೆ ಹೋಗಿ ಕಣ್ಣು ಒರೆಸಿಕೊಂಡು ಬಂದ. ಭೀಮಗೊಂಡ ಆಗಲೇ ಭಜಿಗೆ ಹೇಳಿದ್ದ. ಹಾಲಸಿದ್ದನೊಬ್ಬನೇ ನಗಲಿಲ್ಲ. ಅವನು ಆ ಬರಹದ ಮೂರನೆಯ ವಾಕ್ಯವನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓದಿಕೊಂಡು, “ಲೇ ಶ್ರೀಪಾಲ, ವೈನಿ ಹಂತೇಕೂ ಫೋನ ಐತೆಲ್ಲೋ” ಎಂದ.

ಶ್ರೀಪಾಲ ಮನೆ ಮುಟ್ಟುವುದಕ್ಕೆ ಮೊದಲು ಬರಹ ಇಚಲಕರಂಜಿ ಮುಟ್ಟಿ, ಮೇಘಾಳ ನಗುವಿನ ಜೊತೆ ಏಕಸಂಬಿಗೆ ತಿರುಗಿ ಬಂದಿತ್ತು. ರಾಜಮತಿ ಅದನ್ನು ಓದಿ ಫೋನು ಬೋರಲು ಹಾಕಿದಳು. ಮುಂಜಾನೆ ಅವನು ಎದ್ದಾಗ ಒಲೆ ತಣ್ಣಗಿತ್ತು.

“ಅವಲಕ್ಕಿ...?”

“ಹೋಟೆಲಿಗೆ ಹೋಗ್ರಿ. ಐದ ಐತಿ.”

ಫೋನು ಟಿಣ್ ಎಂದಿತು. ನಿಮ್ಮ ಹತ್ತಿರ ಹೊಸದೊಂದು ಜಾಗ ಸೇರಿದೆ, ನಿಮಗೆ ಇದರ ಪರಿಚಯವಿದೆಯೇ ಎಂದು ಮ್ಯಾಪು ಕೇಳುತ್ತಿತ್ತು. ಶ್ರೀಪಾಲ ಒತ್ತಿ ನೋಡಿದ. ಅವನದೇ ಓಣಿ, ಅವನದೇ ಮನೆ. ಹೆಸರು: ರಾಜಮತಿ ಖಾನಾವಳಿ. ಅದರ ಕೆಳಗೆ ಕೆಂಪಕ್ಷರದಲ್ಲಿ: ಶಾಶ್ವತವಾಗಿ ಮುಚ್ಚಲಾಗಿದೆ. ಮತ್ತೆ ಅದರ ಕೆಳಗೆ ಮಾಲಕರ ಮಾತು: “ಗಿರಾಕಿ ಒಬ್ಬನೇ ಇದ್ದ. ತಿಂದು ಹೆಂಗಿತ್ತು ಅಂತ ಒಂದು ದಿನಾನೂ ಹೇಳಲಿಲ್ಲ. ಗಿರಾಕಿಗೆ ಒಂದು ನಕ್ಷತ್ರ. ಅದೂ ಡಬ್ಬಿ ತೊಳೆದದ್ದಕ್ಕೆ.”

ಮಧ್ಯಾಹ್ನದ ತನಕ ಶ್ರೀಪಾಲ ಮರ್ಯಾದೆಗೆ ಉಪವಾಸವಿದ್ದ. ಆಮೇಲೆ ಮರ್ಯಾದೆ ಹಸಿವಿನಿಂದ ಸತ್ತಿತು. ಸಂಜೆಯ ಬಸ್ಸಿಗೆ ಕ್ರಾಸಿಗೆ ಹೋದ. ಹೋಟೆಲಿನ ಮುಂದೆ ಪುಣೆಯ ಕಾರು, ಸಾಂಗಲಿಯ ಕಾರು, ಎರಡು ಬಸ್ಸು. ಜನ ಶೆಡ್ಡಿನಿಂದ ಉಕ್ಕಿ ಕಬ್ಬಿನ ಗದ್ದೆಯಲ್ಲಿ ತಾಟು ಹಿಡಿದು ನಿಂತಿದ್ದರು. ಬಾಳಾಸಾಬ ಬೆವರು ಸುರಿಸುತ್ತ ಓಡಿಬಂದ.

“ಅಣ್ಣಾರ! ನೀವು ಬರದದ್ದ ಓದಿ ಬಂದಾರ್ರಿ ಎಲ್ಲಾರೂ. ಕುಂದರಾಕ ಒಂದ ಜಾಗಾ ಉಳದಿಲ್ಲ. ಸ್ವಲ್ಪ ನಿಂದರ್ರಿ, ಈಗ ಆಗತೈತಿ.”

ಶ್ರೀಪಾಲ ಕಂಬ ಹಿಡಿದು ನಿಂತ. ಅದೊಂದು ಅವನಿಗೆ ಬರುತ್ತಿತ್ತು. ಜಾಗ ಆಗುವುದರೊಳಗೆ ಸೂರ್ಯ, ಹಿಂದಿನ ದಿನ ತಡ ಮಾಡಿದ್ದಕ್ಕೋ ಏನೋ, ದಡಕ್ಕನೆ ಮುಳುಗಿಬಿಟ್ಟ.

ಹಸಿದ ಹೊಟ್ಟೆಯಲ್ಲೇ ಅವನು ಮನೆಗೆ ಬಂದಾಗ ರಾಜಮತಿ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಶ್ರೀಪಾಲ ಕೆಳಗಿನ ಮೆಟ್ಟಿಲ ಮೇಲೆ ಕೂತು ಫೋನು ತೆಗೆದು, ರಾಜಮತಿ ಖಾನಾವಳಿಯನ್ನು ಹುಡುಕಿ, ಬರೆಯಲು ಬೆರಳು ಎತ್ತಿದ.

“ಅದನ್ನ ಇಡ್ರಿ,” ಎಂದಳು ರಾಜಮತಿ. “ನಾ ಇಲ್ಲೇ ಅದೀನಿ. ಬಾಯಲೆ ಹೇಳ್ರಿ.”

ಶ್ರೀಪಾಲ ಫೋನು ಜೇಬಿಗೆ ಹಾಕಿದ. ಅಂಗಡಿ, ನದಿ, ಚಪ್ಪಲಿ, ರೈಲು ಯಾವುದಕ್ಕೂ ಮಾತು ಕಡಿಮೆ ಬೀಳದವನು ಬಾಗಿಲೊಳಗೆ ಗೂಟದಲ್ಲಿ ತೂಗುತ್ತಿದ್ದ ಡಬ್ಬಿಯನ್ನು ನೋಡಿದ.

“ನಿನ್ನ ಡಬ್ಬಿ...” ಎಂದ.

“ಹೂಂ. ಡಬ್ಬಿ?”

“ನಿನ್ನ ಡಬ್ಬಿ ಉಂಡ... ಅದ ಹಾಳ ರೋಡಿನ ಮ್ಯಾಲ ದಿನಾ ಹೋಗಿ ಬಂದೇನಿ. ಒಂದ ದಿನಾನೂ ಬಸ್ ನಿಲ್ಲಸ್ರಿ ಅಂದಿಲ್ಲ.”

ಮೊನ್ನೆಯ ಅವಲಕ್ಕಿಯ ಸಂಗತಿ ಅವನು ಹೇಳಲಿಲ್ಲ. ಗಂಡಸು ಸತ್ಯವಂತನಾಗಲು ಒಂದು ಮಿತಿ ಇದೆ.

ರಾಜಮತಿ ಬತ್ತಿ ಹೊಸೆಯುತ್ತ ಗೋಡೆಯ ಕಡೆ ತಿರುಗಿದಳು. ನಕ್ಕಳೋ ಇಲ್ಲವೋ ಗೋಡೆಗೆ ಗೊತ್ತು. ಹೊತ್ತು ಮುಳುಗಿದ್ದರಿಂದ ಆ ರಾತ್ರಿ ಊಟದ ಮಾತು ಬರಲಿಲ್ಲ.

ಬೆಳಿಗ್ಗೆ ಶ್ರೀಪಾಲ ಎದ್ದವನೇ ಮ್ಯಾಪು ನೋಡಿದ. ರಾಜಮತಿ ಖಾನಾವಳಿಯ ಕೆಳಗಿನ ಕೆಂಪಕ್ಷರ ಬದಲಾಗಿತ್ತು: ತಾತ್ಕಾಲಿಕವಾಗಿ ಮುಚ್ಚಲಾಗಿದೆ. ಒಳಗೆ ಎಣ್ಣೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು.